ಕಂಟೇನರ್ ಚಿಕ್ಕಪ್ಪ

ಬೆಂಗಳೂರಿನಲ್ಲಿ ತಾವು ಬಾಡಿಗೆ ಮನೆಯಲ್ಲಿದ್ದರೂ ಚಿಂತೆಯಿಲ್ಲ, ತಮ್ಮ ವಿಕಿಗೆ ಮಾತ್ರ ಸ್ವಂತ ಮನೆಯೇ ಆಗಬೇಕು ಎನ್ನುವ ಜನರಿದ್ದಾರೆ. ಹಗಲು ಯಾವುದೋ ಕಂಪನಿಯ ಸರ್ವರ್‌ಗಳನ್ನು ಸಂಬಳಕ್ಕೆ ಕಾಯುತ್ತಾರೆ. ರಾತ್ರಿ ಊಟವಾದ ಮೇಲೆ ಮನೆಯ ಸರ್ವರನ್ನು ಬಿಟ್ಟಿಯಾಗಿ ಕಾಯುತ್ತಾರೆ. ಟಿವಿಯ ಕೆಳಗೆ, ರೂಟರ್ ಪಕ್ಕದಲ್ಲಿ, ಅಂಗೈಯಗಲದ ಒಂದು ರಾಸ್ಪ್‌ಬೆರಿ ಪೈ ಕಂಪ್ಯೂಟರ್ ಹಸಿರು ದೀಪ ಮಿಟುಕಿಸುತ್ತಿರುತ್ತದೆ. ಅದನ್ನು ಯಾರೂ ಮುಟ್ಟುವಂತಿಲ್ಲ. ಮನೆಗೆಲಸಕ್ಕೆ ಹೊಸಬರು ಬಂದರೆ ಪಾತ್ರೆ ಎಲ್ಲಿದೆ ಎಂದು ತೋರಿಸುವ ಮೊದಲು ಆ ಮೂಲೆಯಲ್ಲಿ ಪೊರಕೆ ಆಡಿಸಬಾರದು ಎಂದು ತಾಕೀತು ಮಾಡಲಾಗುತ್ತದೆ. “ಕ್ಲೌಡ್ ಅಂದ್ರೆ ಇನ್ನೇನೂ ಅಲ್ಲ, ಬೇರೆಯವರ ಕಂಪ್ಯೂಟರ್” ಎಂಬ ಮಾತನ್ನು ಇವರು ಮದುವೆಮನೆಯ ಪಂಕ್ತಿಯಲ್ಲೂ ಹೇಳಬಲ್ಲರು, ಹೋಳಿಗೆಗೆ ತುಪ್ಪ ಬೀಳುವ ಮುಂಚೆ.

ಇಂಥ ಒಬ್ಬರು ನನಗೆ ಷಡ್ಡಕರಾಗಿ ಒದಗಿದ್ದಾರೆ. ನನ್ನ ಹೆಂಡತಿಯ ತಂಗಿಯ ಗಂಡ. ಮನೆಯ ಮಕ್ಕಳೆಲ್ಲ ಅವರನ್ನು ಕರೆಯುವುದು ಕಂಟೇನರ್ ಚಿಕ್ಕಪ್ಪ ಎಂದು. ಆ ಹೆಸರನ್ನು ಹುಟ್ಟಿಸಿದವನು ನಾನೇ ಎಂಬ ಗುಮಾನಿ ಅವರಿಗಿದೆ. ನಾನು ಇದುವರೆಗೆ ನಿರಾಕರಿಸಿಲ್ಲ.

ಅವರ ಪಂಥಕ್ಕೆ ಒಂದು ಪಂಚಾಂಗವೂ ಇದೆ. ಜಿಯೋಸಿಟೀಸ್ 2009ರಲ್ಲಿ ಹೋಯಿತು, ಗೂಗಲ್ ರೀಡರ್ 2013ರಲ್ಲಿ, ಆರ್ಕುಟ್ 2014ರ ಸೆಪ್ಟೆಂಬರ್ 30ರಂದು. ಮನೆಯ ಹಿರಿಯರ ತಿಥಿಗಳಿಗಿಂತ ಇವೇ ಅವರಿಗೆ ಚೆನ್ನಾಗಿ ನೆನಪಿವೆ. “ಕಂಪನಿಯವರು ಒಂದು ದಿನ ಬಾಗಿಲು ಹಾಕ್ಕೊಂಡು ಹೋಗ್ತಾರೆ ಭಾವ. ನಮ್ಮ ಸಾಮಾನು ಅವರ ಮನೇಲಿ ಯಾಕಿಡಬೇಕು?” ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ನನ್ನ ಸಾಮಾನು ಯಾರೂ ಇಟ್ಟುಕೊಳ್ಳಲು ಕೇಳಿಲ್ಲ. ಪ್ರತಿ ಜನವರಿಯಲ್ಲೂ ಒಂದು ಡೈರಿ ಕೊಂಡು, ಮೊದಲ ಪುಟದಲ್ಲಿ ಹೆಸರು, ವಿಳಾಸ, ರಕ್ತದ ಗುಂಪು ಬರೆದು, ಉಳಿದದ್ದನ್ನು ಹಾಲಿನ ಲೆಕ್ಕಕ್ಕೆ ಬಿಡುವ ಮನುಷ್ಯ ನಾನು.

ಆದರೂ ಆ ದಸರಾ ರಜದ ವಿಷಯ ಹೇಳಲೇಬೇಕು. ಮೈಸೂರಿನ ಅತ್ತೆಯ ಮನೆಯಲ್ಲಿ ಎಲ್ಲರೂ ಸೇರಿದ್ದೆವು. ಅತ್ತೆಯ ಅಡುಗೆ ನೋಟ್‌ಬುಕ್ಕಿನ ರಟ್ಟು ಕಳಚಿತ್ತು; ಸಾರಿನಪುಡಿಯ ಪುಟ ಎಣ್ಣೆ ಕುಡಿದು ಹಿಂದಿನ ಪುಟದ ಗೊಜ್ಜನ್ನೂ ತೋರಿಸುತ್ತಿತ್ತು. ಫೋಟೊ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಿದರಾಯಿತು ಎಂದಳು ನನ್ನ ಹೆಂಡತಿ. ಕಂಟೇನರ್ ಚಿಕ್ಕಪ್ಪನ ಮುಖ ಬಾಡಿತು.

“ಗ್ರೂಪಿಗೆ ಹಾಕಿದ್ದು ಗುಡ್ ಮಾರ್ನಿಂಗ್ ಹೂವುಗಳ ಅಡಿ ಹೂತುಹೋಗುತ್ತೆ ಅಕ್ಕಾ. ನಾನೊಂದು ವಿಕಿ ಹಾಕಿಬಿಡ್ತೀನಿ. ಸಂಜೆ ಕಾಫಿ ಹೊತ್ತಿಗೆ ರೆಡಿ.”

ಯಾವ ದಿನದ ಸಂಜೆ ಎಂದು ಹೇಳಲಿಲ್ಲ.

ವಿಕಿಪೀಡಿಯ ಆಗಲೇ ಇದೆಯಲ್ಲ ಎಂದೆ. ಅದಕ್ಕೆ ಸಿಕ್ಕಿದ್ದು ಉತ್ತರವಲ್ಲ, ಉಪನ್ಯಾಸ. ವಾರ್ಡ್ ಕನ್ನಿಂಗ್‌ಹ್ಯಾಮ್ ಎಂಬಾತ ಮೊದಲ ವಿಕಿಯನ್ನು ತೆರೆದದ್ದು 1995ರಲ್ಲಿ. ಓದುವವರೇ ತಿದ್ದಬಹುದಾದ ಪುಟಗಳು ಎಂಬುದು ಅದರ ಜೀವಾಳ. ವಿಕಿಪೀಡಿಯ ಅದರ ಒಂದು ಸಂತಾನ ಮಾತ್ರ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯವನ್ನು ಇಂದು ನಡೆಸುತ್ತಿರುವ ಮೀಡಿಯಾವಿಕಿ ತಂತ್ರಾಂಶವನ್ನೇ ನಮ್ಮ ಮನೆಗೂ ಇಳಿಸಿಕೊಳ್ಳಬಹುದು, ಕಾಸಿಲ್ಲದೆ. “ಅಲ್ಲಿ ಎಷ್ಟೊಂದು ಜನ ಓದ್ತಾರೆ ಗೊತ್ತಾ?” “ಇಲ್ಲಿ?” “ಏಳು ಜನ. ಪುಟ್ಟಿಗೆ ಓದು ಬಂದ ಮೇಲೆ ಎಂಟು.”

ಬರೀ ವಿಕಿ ಹಾಕುವುದಾದರೆ ಹಾಕಲಿ, ಅದನ್ನು ಕಂಟೇನರಿನಲ್ಲೇ ಏಕೆ ಹಾಕಬೇಕು? ಇದನ್ನು ಕೇಳಿದವರು ನಮ್ಮ ಮಾವ. ಆದ್ದರಿಂದ ಎರಡನೆಯ ಉಪನ್ಯಾಸದ ಪಾಪ ನನ್ನದಲ್ಲ. ಮಾಲ್ಕಮ್ ಮೆಕ್‌ಲೀನ್ ಎಂಬ ಲಾರಿ ಮಾಲೀಕ 1956ರಲ್ಲಿ ಐಡಿಯಲ್ ಎಕ್ಸ್ ಎಂಬ ಹಡಗಿನಲ್ಲಿ 58 ಪೆಟ್ಟಿಗೆಗಳನ್ನು ನ್ಯೂವಾರ್ಕ್‌ನಿಂದ ಹ್ಯೂಸ್ಟನ್‌ಗೆ ಸಾಗಿಸಿದನಂತೆ. ಅಲ್ಲಿಯವರೆಗೆ ಬಂದರಿನಲ್ಲಿ ಒಂದೊಂದೇ ಮೂಟೆ ಹೊತ್ತು ಇಳಿಸಬೇಕಿತ್ತು. ಆಮೇಲೆ ಪೆಟ್ಟಿಗೆಯನ್ನು ಪೆಟ್ಟಿಗೆಯಾಗಿಯೇ ಎತ್ತಿದರೆ ಸಾಕಾಯಿತು. 2013ರಲ್ಲಿ ಹೊರಬಂದ ಡಾಕರ್, ತಂತ್ರಾಂಶಕ್ಕೆ ಇದೇ ಉಪಾಯ ಮಾಡಿತು. ಮೀಡಿಯಾವಿಕಿಗೆ ಪಿಎಚ್‌ಪಿ ಬೇಕು, ವೆಬ್ ಸರ್ವರ್ ಬೇಕು, ಡೇಟಾಬೇಸ್ ಬೇಕು. ಒಂದರ ಆವೃತ್ತಿ ಇನ್ನೊಂದಕ್ಕೆ ಒಗ್ಗುವುದಿಲ್ಲ. ಅದಕ್ಕೆ ಬೇಕಾದದ್ದನ್ನೆಲ್ಲ ಒಳಗಿಟ್ಟೇ ಪೆಟ್ಟಿಗೆ ಕಟ್ಟಿ ಕೊಟ್ಟಿರುತ್ತಾರೆ, ನಾವು ತಂದು ಎಬ್ಬಿಸಿದರೆ ಆಯಿತು. ಮಾವ ತಲೆಯಾಡಿಸಿ ಕೇಳಿದರು. ಅವರ ಕಿವಿಯ ಯಂತ್ರ ಚಾರ್ಜಿಗೆ ಹಾಕಿತ್ತೆಂದು ಆಮೇಲೆ ಗೊತ್ತಾಯಿತು.

ತಂದು ಎಬ್ಬಿಸುವ ಈ ಸುಲಭದ ಕೆಲಸ ಊಟದ ಮೇಜಿನ ಮೇಲೆ ನಡೆಯಿತು. ಆದ್ದರಿಂದ ನಾವೆಲ್ಲ ನೆಲದ ಮೇಲೆ ಕೂತು ಊಟ ಮಾಡಿದೆವು. ಯಾವ ಪೆಟ್ಟಿಗೆ, ಯಾವ ಪೋರ್ಟು, ಯಾವ ಡೇಟಾಬೇಸು ಎಂದು ಬರೆದಿಡುವ ಕಡತಕ್ಕೆ ಯಾಮಲ್ ಎಂದು ಹೆಸರು. ಅದರಲ್ಲಿ ಸಾಲುಗಳನ್ನು ಒಳಸರಿಸಲು ಸ್ಪೇಸ್ ಕೀಲಿಯನ್ನೇ ಒತ್ತಬೇಕು. ಟ್ಯಾಬ್ ತಗುಲಿತೋ, ಮಡಿಯಲ್ಲಿದ್ದ ಅಜ್ಜಿಯನ್ನು ಮೊಮ್ಮಗ ಮುಟ್ಟಿದಂತೆ, ಇಡೀ ಕಡತ ಮೈಲಿಗೆ. ಟ್ಯಾಬ್ ಎಲ್ಲಿದೆ ಎಂದು ಕಣ್ಣಿಗೆ ಕಾಣುವುದಿಲ್ಲ. ಅವರು ಕನ್ನಡಕ ತೆಗೆದು, ಹಾಕಿ, ಪರದೆಗೆ ಮೂಗು ತಾಗಿಸಿ, ಖಾಲಿ ಜಾಗವನ್ನು ದಿಟ್ಟಿಸಿ ನೋಡುವುದನ್ನು ನಾವು ಪಲ್ಯ ಕಲಸುತ್ತ ನೋಡಿದೆವು.

ಕೊನೆಗೆ ವಿಕಿಯದೊಂದು, ಡೇಟಾಬೇಸಿನದೊಂದು, ಎರಡೂ ಪೆಟ್ಟಿಗೆಗಳು ಎದ್ದವು. ಆದರೆ ವಿಕಿಗೂ ಡೇಟಾಬೇಸಿಗೂ ಮಾತಿಲ್ಲ. ಡೇಟಾಬೇಸ್ ಎಲ್ಲಿದೆ ಎಂದು ವಿಕಿ ಕೇಳಿದ ಕಡೆ ಇವರು ಲೋಕಲ್‌ಹೋಸ್ಟ್ ಎಂದು ಬರೆದಿದ್ದರು. ಕಂಟೇನರಿನ ಒಳಗೆ ಲೋಕಲ್‌ಹೋಸ್ಟ್ ಅಂದರೆ ಆ ಕಂಟೇನರೇ, ಪಕ್ಕದ್ದಲ್ಲ. ಪಕ್ಕದ ಪೆಟ್ಟಿಗೆಯನ್ನು ಯಾಮಲ್ ಕಡತದಲ್ಲಿ ಅದಕ್ಕೆ ಕೊಟ್ಟ ಹೆಸರಿನಿಂದಲೇ ಕರೆಯಬೇಕು. “ಹೆಸರು ಹಿಡಿದು ಕರೀದಿದ್ರೆ ಯಾರು ಓಗೊಡ್ತಾರೆ ಅಳಿಯಂದ್ರೇ?” ಎಂದರು ಅತ್ತೆ, ಇಷ್ಟು ವರ್ಷದ ದಾಂಪತ್ಯದಲ್ಲಿ ಮಾವನ ಹೆಸರನ್ನು ಒಮ್ಮೆಯೂ ಬಾಯಲ್ಲಿ ಹೇಳದವರು.

ಆಮೇಲೆ ಬಂದದ್ದು ಲೋಕಲ್‌ಸೆಟ್ಟಿಂಗ್ಸ್ ಎಂಬ ಕಡತದ ಕಥೆ. ಮೀಡಿಯಾವಿಕಿ ಬ್ರೌಸರಿನಲ್ಲಿ ಪ್ರಶ್ನೆಗಳನ್ನೆಲ್ಲ ಕೇಳಿ ಮುಗಿಸಿ, ಕೊನೆಗೆ ಈ ಕಡತವನ್ನು ನಮ್ಮ ಕೈಗೇ ಕೊಡುತ್ತದೆ. ಅದನ್ನು ಇಳಿಸಿ, ಯಾಮಲ್ ಪಕ್ಕದಲ್ಲಿಟ್ಟು, ಮೊದಲೇ ನಿಷ್ಕ್ರಿಯವಾಗಿಟ್ಟ ಒಂದು ಸಾಲಿಗೆ ಜೀವ ಕೊಟ್ಟು, ಪೆಟ್ಟಿಗೆಯನ್ನು ಮತ್ತೆ ಎಬ್ಬಿಸಬೇಕು. ಇಲ್ಲದಿದ್ದರೆ ವಿಕಿಗೆ ತಾನು ಸ್ಥಾಪಿತವಾಗಿದ್ದೇನೆ ಎಂಬುದೇ ಮರೆತುಹೋಗಿ, ಮೊದಲಿನಿಂದ ಸ್ಥಾಪಿಸೋಣವೇ ಎಂದು ವಿನಯದಿಂದ ಕೇಳುತ್ತದೆ. ಇವರು ಆ ಸಾಲನ್ನು ಮರೆತರು. ವಿಕಿ ಕೇಳಿತು. ಇವರು ಸ್ಥಾಪಿಸಿದರು. ಅದು ಮತ್ತೆ ಕೇಳಿತು. ಅರಮನೆಯ ದೀಪ ನೋಡಲು ಹೊರಟ ನಾವು ವಾಪಸು ಬಂದಾಗಲೂ ಇಬ್ಬರೂ ಪರಸ್ಪರ ಅದೇ ಸೌಜನ್ಯದಲ್ಲಿದ್ದರು.

ಮರುದಿನ ಬೆಳಿಗ್ಗೆ ನಿಜಕ್ಕೂ ವಿಕಿ ತೆರೆದುಕೊಂಡಿತು! ಮನೆಯ ಎಲ್ಲ ಫೋನುಗಳಲ್ಲೂ ಬಂತು. ಆ ಗಳಿಗೆಯಲ್ಲಿ ಅವರ ಮುಖ ನೋಡಿದ್ದರೆ ನೀವೂ ನನ್ನ ಹಾಗೆ ಚಪ್ಪಾಳೆ ತಟ್ಟುತ್ತಿದ್ದಿರಿ. ನೋಟ್‌ಬುಕ್ಕಿನಲ್ಲಿ ಎಲ್ಲದರ ಅಳತೆಯೂ “ಬೇಕಾದಷ್ಟು” ಎಂದಿದ್ದುದರಿಂದ ಬಿಸಿಬೇಳೆಬಾತ್ ಪುಡಿಯನ್ನು ಅತ್ತೆಯ ಬಾಯಿಂದಲೇ ಬರೆದುಕೊಂಡರು. ಹಿಡಿ ಕಡಲೆಬೇಳೆಯನ್ನು ತೂಕದ ಯಂತ್ರದ ಮೇಲೆ ಸುರಿಸಿ ಗ್ರಾಮಿಗೆ ಇಳಿಸಿದರು. ಮರಾಠಿಮೊಗ್ಗಿಗೆ ಪ್ರತ್ಯೇಕ ಪುಟ ತೆರೆದರು. ರಾತ್ರಿಯ ಹೊತ್ತಿಗೆ ಸುಮಾರು ಅರ್ಧ ನೋಟ್‌ಬುಕ್ ಒಳಗೆ ಹೋಗಿತ್ತು. ಅಲ್ಲಿಗೆ ಮಲಗಬೇಕಿತ್ತು.

ಈ ಜಾತಿಯವರು ಮಲಗುವುದಿಲ್ಲ. ಹೊಸ ಆವೃತ್ತಿ ಬಂದಿದೆ, ಒಂದು ಸಲ ಇಳಿಸಿ ಹತ್ತಿಸಿಬಿಡೋಣ ಎಂದು ಹನ್ನೊಂದೂವರೆಗೆ ಕೂತರು. ಡಾಕರ್ ಕಂಪೋಸ್ ಡೌನ್ ಎಂದು ಹೊಡೆದರೆ ಪೆಟ್ಟಿಗೆ ಹೋಗುತ್ತದೆ, ಮಾಹಿತಿ ಉಳಿಯುತ್ತದೆ. ಮಾಹಿತಿ ಇರುವುದು ಪೆಟ್ಟಿಗೆಯಲ್ಲಲ್ಲ, ವಾಲ್ಯೂಮ್ ಎಂಬ ಬೇರೆ ಉಗ್ರಾಣದಲ್ಲಿ. ಇವರು ಜೊತೆಗೊಂದು ವಿ ಅಕ್ಷರ ಸೇರಿಸಿದರು. ಬೇರೆ ಎಷ್ಟೋ ಆಜ್ಞೆಗಳಲ್ಲಿ ಆ ಅಕ್ಷರ ಹೆಚ್ಚಿನ ವಿವರ ತೋರಿಸುತ್ತದೆ. ಇಲ್ಲಿ ಉಗ್ರಾಣವನ್ನೂ ಅಳಿಸುತ್ತದೆ. ಖಚಿತವೇ ಎಂದು ಕೂಡ ಕೇಳುವುದಿಲ್ಲ. ಕಡಲೆಬೇಳೆ, ಉದ್ದಿನಬೇಳೆ, ಗಸಗಸೆ, ಮರಾಠಿಮೊಗ್ಗು ಸಮೇತ ಎಲ್ಲವೂ ಚಾಮುಂಡಿ ಪಾದ ಸೇರಿದವು.

ಬೆಳಿಗ್ಗೆ ಅವರು ಅತ್ತೆಯ ಮುಂದೆ ನಿಂತ ಭಂಗಿ ನನಗೆ ಈಗಲೂ ಸಂತೋಷ ಕೊಡುತ್ತದೆ. ಅತ್ತೆ ಬೈಯಲಿಲ್ಲ. “ಅದಕ್ಕೇನು, ಇನ್ನೊಂದು ಸಲ ಹೇಳ್ತೀನಿ, ಬರ್ಕೊಳ್ಳಿ” ಎಂದರು. ಹೇಳಿದರು. ಮೆಣಸಿನಕಾಯಿ ಹನ್ನೆರಡಿದ್ದದ್ದು ಇಪ್ಪತ್ತಾಯಿತು.

“ನಿನ್ನೆ ಹನ್ನೆರಡು ಅಂದಿದ್ರಿ ಅತ್ತೆ.”

“ನಿನ್ನೆ ಮನಸ್ಸಲ್ಲಿದ್ದಿದ್ದು ಗುಂಟೂರು. ಇವತ್ತು ಬ್ಯಾಡಗಿ.”

ಕಂಟೇನರ್ ಚಿಕ್ಕಪ್ಪ ನನ್ನ ಕಡೆ ತಿರುಗಿದರು. ಕಣ್ಣಲ್ಲಿ ಗೆಲುವು. “ನೋಡಿದ್ರಾ ಭಾವ? ಇದಕ್ಕೇ ವಿಕಿ ಬೇಕಾಗಿರೋದು. ಇತಿಹಾಸ ಒತ್ತಿದ್ರೆ ಎರಡೂ ಆವೃತ್ತಿ ಅಕ್ಕಪಕ್ಕ ಕಾಣ್ಸುತ್ತೆ.” ಹನ್ನೆರಡರ ಆವೃತ್ತಿ ಎಲ್ಲಿದೆ ಎಂದು ನಾನು ಕೇಳಲಿಲ್ಲ. ಷಡ್ಡಕರ ನಡುವೆ ಕೆಲವು ಮರ್ಯಾದೆಗಳಿರುತ್ತವೆ.

ಅವರ ಉಳಿದ ಗುಣಗಳನ್ನು ಹೀಗೇ ಹೇಳಿಬಿಡಬಹುದು. ಒಂದು ವಿಕಿ ನೆಟ್ಟಗೆ ನಡೆಯತೊಡಗಿದರೆ ಅದರ ಮೇಲೆ ಆಸಕ್ತಿ ಹೋಗುತ್ತದೆ. ಮೀಡಿಯಾವಿಕಿಯಿಂದ ಡೋಕುವಿಕಿಗೆ ಹಾರಿದರು. ಅದಕ್ಕೆ ಡೇಟಾಬೇಸೇ ಬೇಡ, ಪುಟಗಳೆಲ್ಲ ಸಾದಾ ಪಠ್ಯದ ಕಡತಗಳು ಎಂದು ಒಂದು ತಿಂಗಳು ಕೊಂಡಾಡಿದರು. ಅಲ್ಲಿಂದ ಬುಕ್‌ಸ್ಟ್ಯಾಕ್. ಕಪಾಟು, ಕಪಾಟಿನಲ್ಲಿ ಪುಸ್ತಕ, ಪುಸ್ತಕದಲ್ಲಿ ಅಧ್ಯಾಯ, ಅಧ್ಯಾಯದಲ್ಲಿ ಪುಟ ಎಂಬ ಅದರ ಏರ್ಪಾಡು ಅತ್ತೆಗೂ ಹಿಡಿಸಿತು. ಆದರೆ ಪಿಡಿಎಫ್ ಮಾಡಿ ಮುದ್ರಿಸಿದಾಗ ಅಕ್ಕಿ ಹೋಗಿ ಅಕ್‌ಕಿ, ಉಪ್ಪು ಹೋಗಿ ಉಪ್‌ಪು, ಕೊತ್ತಂಬರಿ ಹೋಗಿ ಕೊತ್‌ತಂಬರಿ ಬಂತು. ಪಿಡಿಎಫ್ ಕಟ್ಟುವ ಅದರ ಭಾಗಕ್ಕೆ ಒತ್ತಕ್ಷರ ಜೋಡಿಸಲು ಬರುವುದಿಲ್ಲ. “ಅಕ್ಷರಕ್ಕೆಲ್ಲ ಕಾಲು ಮುರಿದಿದೆಯಲ್ರೀ” ಎಂದು ಅತ್ತೆ ಮರುಗಿದರು. ಇವರು ಫಾಂಟ್ ಬದಲಾಯಿಸಿ ರಾತ್ರಿ ಕಳೆದರು. ನನ್ನ ಹೆಂಡತಿ ಪುಟವನ್ನು ಬ್ರೌಸರಿನಲ್ಲಿ ತೆರೆದು, ಅಲ್ಲಿಂದಲೇ ಪ್ರಿಂಟ್ ಕೊಟ್ಟು, ಕಾಲು ಸರಿಯಾಗಿರುವ ಹಾಳೆಯನ್ನು ಅಡುಗೆಮನೆಯ ಬಾಗಿಲಿಗೆ ಅಂಟಿಸಿದಳು. ಒತ್ತು ಜೋಡಿಸುವ ವಿದ್ಯೆ ಬ್ರೌಸರಿಗೆ ಮೊದಲಿಂದ ಬರುತ್ತದೆ. ಅವರು ಅದನ್ನು ತಾಂತ್ರಿಕ ಪರಿಹಾರವೆಂದು ಒಪ್ಪಲಿಲ್ಲ.

ನ್ಯೂಜೆರ್ಸಿಯ ನಾದಿನಿಗೆ ಈ ವಿಕಿ ಬಹಳ ಕಾಲ ತೆರೆಯಲೇ ಇಲ್ಲ. ಇಂಟರ್ನೆಟ್ ಕೊಡುವವರು ಎಷ್ಟೋ ಮನೆಗಳಿಗೆ ಸೇರಿಸಿ ಒಂದೇ ಸಾರ್ವಜನಿಕ ವಿಳಾಸ ಕೊಡುವುದರಿಂದ, ಹೊರಗಿನಿಂದ ಬಂದ ಕರೆಗೆ ಯಾವ ಬಾಗಿಲು ಬಡಿಯಬೇಕೆಂದು ತಿಳಿಯುವುದಿಲ್ಲವಂತೆ. ಅದಕ್ಕೊಂದು ಸುರಂಗ ತೋಡಿದರು. ಆಮೇಲೆ 90 ದಿನಕ್ಕೆ ಮುಗಿಯುವ ಪುಕ್ಕಟೆ ಭದ್ರತಾ ಪ್ರಮಾಣಪತ್ರ ಮುಗಿದು, ಈ ತಾಣ ಅಪಾಯಕಾರಿ ಎಂದು ಬ್ರೌಸರ್ ಕೆಂಪು ತೋರಿಸಿತು. ತವರಿನ ಪುಳಿಯೋಗರೆಯಲ್ಲಿ ಏನು ಅಪಾಯ ಎಂದು ಆಕೆ ಫೋನ್ ಮಾಡಿದಳು.

ಇಷ್ಟೆಲ್ಲ ಏಕೆ ಎಂದು ಒಂದು ಆಯುಧಪೂಜೆಯ ದಿನ ಕೇಳಿದೆ. ಅತ್ತೆ ಮಿಕ್ಸಿಗೆ, ಸ್ಕೂಟರಿಗೆ, ಕೊನೆಗೆ ವಿಕಿಯ ಆ ಪುಟ್ಟ ರಾಸ್ಪ್‌ಬೆರಿ ಪೈಗೂ ಕುಂಕುಮ ಇಟ್ಟಿದ್ದರು. ನೀರು ಚಿಮುಕಿಸದಂತೆ ಇವರು ಅಂಗೈ ಅಡ್ಡ ಹಿಡಿದು ನಿಂತಿದ್ದರು. ತೀರ್ಥಹಳ್ಳಿ ಕಡೆಯ ಅವರ ಊರಿನ ಮನೆಯಲ್ಲಿ ಅಮ್ಮನದೂ ಒಂದು ನೋಟ್‌ಬುಕ್ ಇತ್ತಂತೆ. ಅಪ್ಪೆಮಿಡಿ ಉಪ್ಪಿನಕಾಯಿ, ಪತ್ರೊಡೆ, ಬಾಣಂತಿಯ ಕಷಾಯ, ಯಾರ್ಯಾರ ಮದುವೆಗೆ ಎಷ್ಟು ಸೇರು ಅಕ್ಕಿ ಬೆಂದಿತು ಎಂಬ ಲೆಕ್ಕ. ಅಮ್ಮ ಹೋದ ಮೇಲೆ ಒಂದು ಮಳೆಗಾಲ ಮನೆ ಬೀಗ ಹಾಕಿತ್ತು. ತೆರೆದು ಪೆಟ್ಟಿಗೆ ಎತ್ತಿದರೆ ರಟ್ಟು ಹಾಗೇ ಇದೆ, ಒಳಗೆಲ್ಲ ಗೆದ್ದಲು. “ಉಪ್ಪಿನಕಾಯಿ ಹೇಗಿತ್ತು ಅಂತ ನಾಲಿಗೆಗೆ ಗೊತ್ತು ಭಾವ. ಎಷ್ಟು ಸಾಸಿವೆ ಅಂತ ಯಾರಿಗೂ ಗೊತ್ತಿಲ್ಲ.” ಆಮೇಲೆ ಕೈ ಒರೆಸಿಕೊಂಡು, ಮರಿಯಾಡಿಬಿ ಎಂಬ ಡೇಟಾಬೇಸಿನ ಹೊಸ ಆವೃತ್ತಿಯ ಬಗ್ಗೆ ಮಾತು ತಿರುಗಿಸಿದರು. ಅವತ್ತು ನಾನು ಪೂರ್ತಿ ಕೇಳಿಸಿಕೊಂಡೆ. ಅರ್ಥವಾದದ್ದು ಕಡಿಮೆ.

ಈಗ ಆ ವಿಕಿಯಲ್ಲಿ ಅತ್ತೆಯ ನೋಟ್‌ಬುಕ್ ಬಹುಪಾಲು ಇದೆ. ಗ್ಯಾಸ್ ಪುಸ್ತಕದ ನಂಬರು, ಕರೆಂಟ್ ಬಿಲ್ಲಿನ ಆರ್‌ಆರ್ ನಂಬರು, ಎಲ್ಲರ ನಕ್ಷತ್ರಗಳೂ ಇವೆ. ಅತಿ ಹೆಚ್ಚು ಸಲ ತಿದ್ದಿರುವ ಪುಟ ಮಾತ್ರ ಬಿಸಿಬೇಳೆಬಾತ್ ಅಲ್ಲ, “ಈ ವಿಕಿಯನ್ನು ಸ್ಥಾಪಿಸುವುದು ಹೇಗೆ” ಎಂಬುದು. ಅದನ್ನು ಓದಬೇಕಾದರೆ ವಿಕಿ ನಡೆಯುತ್ತಿರಬೇಕು. ನಡೆಯುತ್ತಿದ್ದರೆ ಅದನ್ನು ಓದುವ ಅಗತ್ಯವಿಲ್ಲ. ಹೇಳಿದೆ. ಯೋಚಿಸಿ, ಅದನ್ನು ಕಾಗದದಲ್ಲಿ ಮುದ್ರಿಸಿ ಅತ್ತೆಯ ಹಳೆಯ ನೋಟ್‌ಬುಕ್ಕಿನೊಳಗೆ ಇಟ್ಟಿದ್ದಾರೆ.

ನಿಮ್ಮ ಬಳಗದಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ನಗಬೇಡಿ ಎಂದು ಹೇಳಲಾರೆ. ಆದರೆ ಮುಂದಿನ ಹಬ್ಬಕ್ಕೆ ಸಿಕ್ಕಾಗ, ಹೋಳಿಗೆ ಬಡಿಸುವ ಮೊದಲು, ಬ್ಯಾಕಪ್ ತೆಗೆದಿದ್ದೀರಾ ಎಂದು ಕೇಳಿ. ತೆಗೆದಿದ್ದೇನೆ ಎನ್ನುತ್ತಾರೆ. ಅದನ್ನು ಬೇರೆ ಯಂತ್ರಕ್ಕೆ ತುಂಬಿ, ಪುಟಗಳು ತೆರೆಯುತ್ತವೆಯೇ ಎಂದು ನೋಡಿದ್ದೀರಾ ಎಂದು ಇನ್ನೊಂದು ಪ್ರಶ್ನೆ ಕೇಳಿ. ಮತ್ತು ಅವರು ಉತ್ತರ ಹೇಳುವಾಗ ಮುಖವನ್ನೇ ನೋಡುತ್ತಿರಿ.