ಸವಣೂರು ಸೀಮೆಯ ಎತ್ತುಯಂತ್ರ ಮೀಮಾಂಸೆ

ವೀಳ್ಯದೆಲೆಗೆ ಹೆಸರಾದ ಸವಣೂರಿಗೆ ಫೋರ್ಕ್‌ಲಿಫ್ಟ್ ಏತಕ್ಕೆ ಎಂಬ ಪೂರ್ವಪಕ್ಷವನ್ನು ಮೊದಲು ಖಂಡಿಸತಕ್ಕದ್ದು. ಎಲೆ ಹಗುರ, ಪೆಂಡಿ ತಲೆಯ ಮೇಲೆ ಹೋಗುತ್ತದೆ ಎನ್ನುವ ಪಂಡಿತರು ಈ ಊರಿನ ಅತಿಭಾರದ ವಸ್ತುವನ್ನು ಮರೆತಿದ್ದಾರೆ. 2023ರ ಜುಲೈಯಲ್ಲಿ ದೊಡ್ಡಹುಣಸೆ ಕಲ್ಮಠದ ಮೂರು ಬಾವೊಬಾಬ್ ಮರಗಳಲ್ಲೊಂದು ಮಳೆಗಾಳಿಗೆ ಉರುಳಿದಾಗ ಕ್ರೇನು, ಜೆಸಿಬಿ ತರಿಸಿ ಅದನ್ನೆತ್ತಿ ಮತ್ತೆ ನೆಡಬೇಕಾಯಿತು. ಶತಮಾನಗಳ ಕಾಲ ಯಾವ ವಾರಂಟಿಯೂ ಇಲ್ಲದೆ ನಿಂತಿದ್ದ ಆ ಆಫ್ರಿಕಾ ಮೂಲದ ಮರ, ಬಿದ್ದ ಮೇಲೂ ಕ್ರೇನು ಬರುವತನಕ ಯಾರಿಗೂ ಬಡ್ಡಿ ಏರಿಸದೆ ಮಲಗಿತ್ತು. ಸಾಲದಲ್ಲಿ ಕೊಂಡ ಯಂತ್ರಕ್ಕೆ ಈ ಸಂಯಮ ಇರುವುದಿಲ್ಲ. ಆದಕಾರಣ ನಮ್ಮ ಸಿದ್ಧಾಂತ: ಫೋರ್ಕ್‌ಲಿಫ್ಟ್ ಎಷ್ಟು ಎತ್ತುತ್ತದೆ ಎಂದು ಕೇಳುವವನು ಅರೆಪಂಡಿತ, ಹೇಗೆ ಮಗುಚುತ್ತದೆ, ಕೆಟ್ಟು ನಿಂತರೆ ಯಾರು ಬರುತ್ತಾರೆ ಎಂದು ಕೇಳುವವನೇ ಗಿರಾಕಿ.

ಯಂತ್ರದ ಫಲಕದ ಮೇಲೆ ಎರಡು ಟನ್ ಎಂದು ಬರೆದಿದೆ, ಅದೇ ಪ್ರಮಾಣ ಎನ್ನುವವರಿಗೆ ಪಕ್ಕದ ಬ್ಯಾಡಗಿ ಮೆಣಸಿನಕಾಯಿಯೇ ಉತ್ತರ. 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಈ ಕಾಯಿ ತೂಕದಲ್ಲಿ ಬಡವ, ಗಾತ್ರದಲ್ಲಿ ಜಮೀನ್ದಾರ. ಫಲಕದ ಲೆಕ್ಕ ಸಾಮಾನ್ಯವಾಗಿ ಹೊರೆಯ ತೂಕದ ನಡುಬಿಂದು ಫೋರ್ಕಿನ ಬುಡದಿಂದ 500 ಮಿ.ಮೀ. ದೂರದಲ್ಲಿದೆ ಎಂದು ನಂಬಿ ಬರೆದದ್ದು. ಉಬ್ಬಿದ ಚೀಲಗಳನ್ನು ಉದ್ದಕ್ಕೆ ಒಟ್ಟಿದರೆ ಆ ಬಿಂದು ಮುಂದೆ ಸರಿಯುತ್ತದೆ. ಮುಂಗಾಲಿಯ ಅಚ್ಚಿನಿಂದ ಫೋರ್ಕಿನ ಬುಡಕ್ಕೆ 400 ಮಿ.ಮೀ. ಎಂದಿಟ್ಟುಕೊಂಡು ಬಿಂದುವನ್ನು 700ಕ್ಕೆ ದೂಡಿ ನೋಡಿ: ಎರಡು ಟನ್ನಿನ ಮಹಾಪುರುಷ ಸುಮಾರು 1,640 ಕಿಲೋಗೆ ಇಳಿಯುತ್ತಾನೆ. ಎತ್ತರಕ್ಕೆ ಏರಿಸಿದಷ್ಟೂ ಇನ್ನೂ ಇಳಿಯುತ್ತಾನೆ. ಎರಡು ಮುಂಗಾಲಿ, ಹಿಂದಿನ ಅಚ್ಚಿನ ನಡು, ಈ ಮೂರರ ತ್ರಿಕೋನದಿಂದ ಒಟ್ಟು ಭಾರದ ಕೇಂದ್ರ ಹೊರಬಿದ್ದರೆ ಯಂತ್ರ ಮಗುಚುತ್ತದೆ. ಆಗ ಜಿಗಿದವನ ಮೇಲೆಯೇ ಅದರ ಚಾವಣಿ ಬೀಳುತ್ತದೆ. ಹಾಗಾಗಿ ಬಣ್ಣ ನೋಡುವ ಮೊದಲು ಸೀಟ್‌ಬೆಲ್ಟ್ ನೋಡಬೇಕು. ಮುಚ್ಚಿದ ಗೋದಾಮಿಗೆ ಡೀಸೆಲ್ ಹೊಗೆಯೂ ಸಲ್ಲದು. (ಹಾರ್ನಿನ ಮಧುರ ಸ್ವರದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ.)

ಇನ್ನು ಕೆಲವರು, ಹಮಾಲರಿದ್ದಾರಲ್ಲ, ಅವರಿಗೆ ಸರ್ವಿಸ್ ಬೇಡ ಎನ್ನುತ್ತಾರೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ವಯಸ್ಕ ಗಂಡಾಳು ಹೊರುವ ಭಾರಕ್ಕೆ 55 ಕಿಲೋ ಮಿತಿಯನ್ನು ಶಿಫಾರಸು ಮಾಡಿದ್ದು 1967ರಲ್ಲಿ. ನೂರು ಕಿಲೋ ಚೀಲ ಹೊತ್ತ ಬೆನ್ನುಗಳಿಗೆ ಆ ಶಿಫಾರಸು ಓದಿ ಹೇಳಿದವರು ಯಾರೋ! ಸರ್ವಿಸ್ ಬೇಡವೆಂದಲ್ಲ, ಅದರ ಬಿಲ್ಲು ಹಮಾಲನ ಮನೆಗೆ ಹೋಗುತ್ತಿತ್ತು, ಅಷ್ಟೆ. ಯಂತ್ರದ ರಿಪೇರಿಗೆ ಟ್ರ್ಯಾಕ್ಟರ್ ಮೇಸ್ತ್ರಿಯೇ ಸಾಕೆಂಬುದು ಇದಕ್ಕಿಂತ ಬಲವಾದ ಆಕ್ಷೇಪ. ಇಂಜಿನ್ ಮಟ್ಟಿಗೆ ಸಾಕು, ಒಪ್ಪಿದೆವು. ಆದರೆ ಎತ್ತುವ ಸರಪಳಿ ಶೇ 3ರಷ್ಟು ಹಿಗ್ಗಿದರೆ ಬದಲಿಸಬೇಕು. ಹೈಡ್ರಾಲಿಕ್ ಪೈಪು ಬೆವರತೊಡಗಿದರೆ ಹಗ್ಗ ಬಿಗಿದು ದಿನ ನೂಕಬಾರದು. ಅಳೆಯುವ ಗೇಜು, ಸರಿಯಾದ ಬಿಡಿಭಾಗ ಹುಬ್ಬಳ್ಳಿಯಲ್ಲಿದ್ದರೆ ಅಂದೇ ಬರಬಹುದು. ಬೇರೆ ದೇಶದ ಬಂದರಿನಲ್ಲಿದ್ದರೆ ಅಷ್ಟರಲ್ಲಿ ಎಲೆ ಹಣ್ಣಾಗುತ್ತದೆ. ಎಲೆಗೆ ಬಾವೊಬಾಬಿನ ತಾಳ್ಮೆ ಇಲ್ಲ. ಮಾರುವವನನ್ನು ಪರೀಕ್ಷಿಸುವ ವಿಧಾನವೂ ಶಾಸ್ತ್ರದಲ್ಲುಂಟು: ಕರಾರಿಗೆ ಸಹಿ ಹಾಕುವ ಮೊದಲು, ಲಗ್ನಸರಾಯಿಯ ಒಂದು ಭಾನುವಾರ ಮಧ್ಯಾಹ್ನ, ಅವನು ಕೊಟ್ಟ ಸರ್ವಿಸ್ ನಂಬರಿಗೆ ಒಮ್ಮೆ ಫೋನು ಹಚ್ಚಿ ನೋಡುವುದು.