ವಸೂಲಿ ಪ್ರವಾಸ

ಮಗಳು ಬೆಳೆಯುತ್ತಿದ್ದಾಳೆ ಎಂದು ಚಿಂತೆಗೆ ಬೀಳುವ ಅಪ್ಪಂದಿರು ಊರಿಗೆ ನೂರು ಜನ ಸಿಗುತ್ತಾರೆ. ಅವರ ಚಿಂತೆ ಮದುವೆಯದು, ಫೀಸಿನದು. ನನ್ನದು ಶುದ್ಧ ಸೆಂಟಿಮೀಟರಿನ ಚಿಂತೆ. ಬಿಡದಿ ಹತ್ತಿರದ ಮನರಂಜನಾ ಪಾರ್ಕು ವಂಡರ್‌ಲಾದಲ್ಲಿ ಮಕ್ಕಳ ಟಿಕೆಟನ್ನು ವಯಸ್ಸು ನೋಡಿ ಕೊಡುವುದಿಲ್ಲ, ಎತ್ತರ ನೋಡಿ ಕೊಡುತ್ತಾರೆ. 85 ಸೆಂಟಿಮೀಟರಿಗಿಂತ ಕುಳ್ಳಗಿದ್ದರೆ ಪುಕ್ಕಟೆ. ಅಲ್ಲಿಂದ 140ರವರೆಗೆ ಮಕ್ಕಳ ದರ. ಅದನ್ನು ದಾಟಿದರೆ ಆರನೇ ಕ್ಲಾಸಿನ ಹುಡುಗಿಯೂ ದೊಡ್ಡವಳೇ.

ಇದನ್ನು ಓದಿದ ರಾತ್ರಿಯೇ ಮಗಳನ್ನು ಅಡುಗೆಮನೆ ಬಾಗಿಲಿಗೆ ಒರಗಿಸಿ ನಿಲ್ಲಿಸಿದೆ. ನಮ್ಮಾಕೆಯ ಹೊಲಿಗೆ ಡಬ್ಬದಿಂದ ಟೇಪು ತೆಗೆದು, ತುದಿಯನ್ನು ಕಾಲ ಹೆಬ್ಬೆರಳಲ್ಲಿ ಒತ್ತಿ ಹಿಡಿದು, ಮಗಳ ನೆತ್ತಿಯ ಮೇಲೆ ಸ್ಕೇಲು ಅಡ್ಡ ಇಟ್ಟು, ಚೌಕಟ್ಟಿನ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದೆ. 139. ಎದೆ ಧಸಕ್ಕೆಂದಿತು. "ರೀ, ಆ ಟೇಪಿನ ತುದೀಲಿರೋ ತಗಡು ಕಿತ್ಹೋಗಿದೆ, ಅರ್ಧ ಸೆಂಟಿಮೀಟ್ರು ಅಲ್ಲೇ ಇಲ್ಲ" ಎಂದು ನಮ್ಮಾಕೆ ಒಲೆ ಮುಂದಿನಿಂದಲೇ ಕೂಗಿದಳು. ಹಾಗಾದರೆ ನೂರಾ ಮೂವತ್ತೆಂಟೂವರೆ! ಹೆತ್ತ ಮಗಳು ಅರ್ಧ ಸೆಂಟಿಮೀಟರು ಕುಳ್ಳಗಾದದ್ದಕ್ಕೆ ಅಷ್ಟು ಹಿಗ್ಗಿದ ತಂದೆ ಹಾಸನ ಜಿಲ್ಲೆಯಲ್ಲಿ ಬೇರೆ ಇರಲಿಕ್ಕಿಲ್ಲ.

ಮಗಳ ಹಿತಾಸಕ್ತಿ ಬೇರೆ ಇತ್ತು. ತಲೆಕೆಳಗೆ ಮಾಡಿ ತಿರುಗಿಸುವ ಜೋರು ಆಟಗಳಿಗೆ ಎತ್ತರ ಸಾಲದವರನ್ನು ಹತ್ತಿಸುವುದಿಲ್ಲ ಎಂಬುದನ್ನು ಅವಳ ಗೆಳತಿ ಹೇಳಿಬಿಟ್ಟಿದ್ದಳು. ಅವಳು ಬೆಳಗಾದರೆ ಹಿತ್ತಿಲ ಸಜ್ಜದ ಕಂಬಿಗೆ ಜೋತುಬೀಳುವಳು. ನಾನು "ಕೈ ಮುರ್ಕೋತೀಯ" ಎಂದು ಇಳಿಸುವೆ. ಹಾಲಿಗೆ ಬೆರೆಸುವ ಪುಡಿ ಖಾಲಿಯಾಗಿತ್ತು. ಅಂಗಡಿಗೆ ಹೋದಾಗಲೆಲ್ಲ ಅದನ್ನು ತರುವುದು ಅದು ಹೇಗೋ ಮರೆತುಹೋಗುತ್ತಿತ್ತು.

ಅಂತೂ ಅವಳು ಬೆಳೆಯುವುದರೊಳಗೆ ಹೋಗಿಬರಬೇಕು. ಆದರೆ ಯಾವತ್ತು? ವಾರದ ನಡುವೆ ಟಿಕೆಟ್ ಅಗ್ಗ, ರಜಾದಿನ ದುಬಾರಿ. ನಾನು ಸರ್ಕಾರಿ ಗುಮಾಸ್ತ. 2019ರಲ್ಲಿ ನಮ್ಮ ಸಾಂದರ್ಭಿಕ ರಜೆಯನ್ನು ಹದಿನೈದರಿಂದ ಹತ್ತಕ್ಕೆ ಇಳಿಸಿ, ಬದಲಿಗೆ ನಾಲ್ಕನೇ ಶನಿವಾರ ರಜೆ ಕೊಟ್ಟರು. ನಾಲ್ಕನೇ ಶನಿವಾರ ಹೋದರೆ ಕರ್ನಾಟಕದ ಸಮಸ್ತ ಗುಮಾಸ್ತವರ್ಗ ಹೆಂಡತಿ ಮಕ್ಕಳೊಂದಿಗೆ ಅಲ್ಲೇ ಸಾಲು ನಿಂತಿರುತ್ತದೆ, ರಜೆಯ ದರ ತೆತ್ತು. ಮಂಗಳವಾರ ಎಂದು ತೀರ್ಮಾನಿಸಿದೆ. "ಮಂಗಳವಾರ ಹೊಸ್ತಿಲು ದಾಟಬಾರದು" ಎಂದಳು ಅಮ್ಮ. ಬುಧವಾರವಾಯಿತು.

ಇಲ್ಲಿ ಅಮ್ಮನ ವಿಷಯ ಹೇಳಬೇಕು. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಬಸ್ಸು ಉಚಿತವಾದ ಮೇಲೆ ಅಮ್ಮ ಮನೆಯಲ್ಲಿ ಸಿಗುವುದೇ ಅಪರೂಪ. ಧರ್ಮಸ್ಥಳ, ಹೊರನಾಡು, ಶೃಂಗೇರಿ, ಸಿಗಂದೂರು ಎಲ್ಲ ಮುಗಿದಿವೆ. ಹಾಗಾಗಿ ಪ್ರವಾಸದ ವಿಷಯದಲ್ಲಿ ಮನೆಯಲ್ಲಿ ಅವಳದೇ ಕೊನೆಯ ಮಾತು, ಮತ್ತು ಅವಳು ಯಾವ ಜಾಗವನ್ನಾದರೂ ಕ್ಷೇತ್ರದ ಲೆಕ್ಕದಲ್ಲೇ ತೂಗುತ್ತಾಳೆ.

"ಊಟ ಎಷ್ಟು ಹೊತ್ತಿಗೆ ಹಾಕ್ತಾರೆ?"

"ಊಟ ಹಾಕಲ್ಲಮ್ಮ. ದುಡ್ಡು ಕೊಟ್ಟು ತಗೋಬೇಕು."

"ಒಳಗೆ ಬಿಡಕ್ಕೇ ಅಷ್ಟು ದುಡ್ಡು ಇಸ್ಕೊಂಡು ಊಟ ಹಾಕಲ್ವಾ? ಧರ್ಮಸ್ಥಳದಲ್ಲಿ ಒಂದು ಕಾಸಿಲ್ದೆ ಪಾಯಸ ಬಡಿಸ್ತಾರೆ ಕಣೋ."

ಫಾಸ್ಟ್‌ಟ್ರ್ಯಾಕ್ ಎಂಬ ಬೇರೆ ಟಿಕೆಟ್ ಇದೆ, ಹೆಚ್ಚು ಕೊಟ್ಟರೆ ಸಾಲು ಕಾಯದೆ ಮುಂದೆ ಹೋಗಬಹುದು ಎಂದದ್ದು ಮಾತ್ರ ಅವಳಿಗೆ ತಟ್ಟನೆ ಅರ್ಥವಾಯಿತು. ನಮ್ಮ ಹಾಸನಾಂಬೆ ವರ್ಷಕ್ಕೊಮ್ಮೆ ಬಾಗಿಲು ತೆರೆದಾಗ ಧರ್ಮದರ್ಶನದ ಸಾಲು ಬೇರೆ, 300 ರೂಪಾಯಿ ಸಾಲು ಬೇರೆ, 1000 ರೂಪಾಯಿ ಸಾಲು ಬೇರೆ. "ನಾವು ಯಾವತ್ತಿದ್ರೂ ಧರ್ಮದರ್ಶನದೋರು" ಎಂದು ಅಮ್ಮನೇ ಆ ಕಂತನ್ನು ಬಜೆಟ್ಟಿನಿಂದ ಹೊಡೆದುಹಾಕಿದಳು.

ಬಸ್ಸಿನ ಲೆಕ್ಕ ನನಗೆ ಪರಮಾನಂದ ತಂದಿತು. ಅಮ್ಮ, ನಮ್ಮಾಕೆ, ಮಗಳು ಮೂವರಿಗೂ ಶೂನ್ಯ ಟಿಕೆಟ್. ಮಗನಿಗೆ ಆರು ತುಂಬಿಲ್ಲ, ಅವನಿಗೂ ಟಿಕೆಟ್ಟಿಲ್ಲ. ಇಡೀ ಸಂಸಾರದಲ್ಲಿ ದುಡ್ಡು ತೆರುವ ಗಿರಾಕಿ ನಾನೊಬ್ಬನೇ. ರೈಲೂ ಅಗ್ಗವೇ, ಆದರೆ ರೈಲಿನಲ್ಲಿ ಹೆಂಗಸರಿಗೂ ದುಡ್ಡು. ಮುಂದೆ ಬಸ್ಸು ಹತ್ತಿದಾಗ ಈ ಲೆಕ್ಕದ ಇನ್ನೊಂದು ಮುಖ ಕಂಡಿತು: ಪುಕ್ಕಟೆ ಪ್ರಯಾಣಿಕರೆಲ್ಲ ಕಿಟಕಿ ಪಕ್ಕ ಕೂತರು, ದುಡ್ಡು ಕೊಟ್ಟವನು ಚನ್ನರಾಯಪಟ್ಟಣ ದಾಟಿ ಯಡಿಯೂರಿನವರೆಗೂ ನಿಂತ. ಅರ್ಧ ಸೀಟು ಗಂಡಸರಿಗೆ ಎಂದು ನಿಯಮವೇನೋ ಇದೆ. ಅದನ್ನು ಸಿಗಂದೂರಿಗೆ ಹೋಗಿಬಂದ ಹೆಂಗಸರ ಮುಂದೆ ಓದಿ ಹೇಳುವ ಗಂಡಸು ಇನ್ನೂ ಹುಟ್ಟಿಲ್ಲ.

ಅರವತ್ತು ದಾಟಿದವರಿಗೆ ಪಾರ್ಕಿನ ಒಳಗೆ ಹೋಗಲು ರಿಯಾಯಿತಿ ಉಂಟು. ಅಮ್ಮನಿಗೆ ಎಪ್ಪತ್ತರ ಹತ್ತಿರ ಎಂದು ನನ್ನ ಅಂದಾಜು. ಅವಳ ಅಂದಾಜು ಅವಳಕ್ಕನ ಮದುವೆಯಿಂದ ಶುರುವಾಗಿ ಕೆಂದ ಹಸು ಕರು ಹಾಕಿದ ವರ್ಷದಲ್ಲಿ ದಾರಿ ತಪ್ಪುತ್ತದೆ. ಆಧಾರ್ ಮಾಡಿಸುವಾಗ ಅಲ್ಲಿ ಕೂತಿದ್ದ ಹುಡುಗ ಅಮ್ಮನ ಮುಖ ನೋಡಿ ಜನವರಿ 1 ಎಂದು ಒತ್ತಿ, ತೋಚಿದ ಇಸವಿ ಹಾಕಿದ್ದ. ಆ ಪ್ರಕಾರ ಈಗ ಅವಳಿಗೆ 58. ನನಗೆ 45. ಉಳಿದದ್ದನ್ನು ಓದುಗರೇ ಕಳೆದು ನೋಡಬೇಕು. "ನಂಗಿನ್ನೂ ವಯಸ್ಸಾಗಿಲ್ಲ ಅಂತ ಸರ್ಕಾರವೇ ಬರ್ಕೊಟ್ಟಿದೆ" ಎಂದು ಅಮ್ಮ ಬೀಗಿದಳು. ನನಗೆ ಫುಲ್ ಟಿಕೆಟ್ಟಿನ ಹೊಟ್ಟೆನೋವು.

ಕಾಲೇಜಿನ ಗುರುತಿನ ಚೀಟಿ ಇದ್ದವರಿಗೂ ಆಗಾಗ ರಿಯಾಯಿತಿ ಬಿಡುತ್ತಾರೆ. ನಾನು ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ಎಂ.ಎ.ಗೆ ಸೇರಿಬಿಟ್ಟರೆ ಹೇಗೆ ಎಂದು ಒಂದು ಇಡೀ ಸಂಜೆ ಯೋಚಿಸಿದೆ. "ಓದ್ಬೇಕಾಗತ್ತಲ್ರೀ" ಎಂದಳು ನಮ್ಮಾಕೆ. ಅಲ್ಲಿಗೆ ನನ್ನ ಉನ್ನತ ಶಿಕ್ಷಣ ಮುಗಿಯಿತು. ತೆರಿಗೆಯ ವಿಷಯದಲ್ಲೂ ಅವಳದೇ ಗೆಲುವು. ಇಂಥ ಪಾರ್ಕುಗಳ ಮೇಲಿನ ಜಿಎಸ್‌ಟಿಯನ್ನು 2018ರಲ್ಲಿ 28ರಿಂದ 18ಕ್ಕೆ ಇಳಿಸಿದರು, ನಾವು ಆಗ ಹೋಗದೆ ಇದ್ದದ್ದೇ ಒಳ್ಳೆಯದಾಯಿತು, ನೂರಕ್ಕೆ ಹತ್ತು ಉಳಿತಾಯ ಎಂದು ವಿವರಿಸಿದೆ. "ಆ ಉಳಿದ ಹತ್ತು ಎಲ್ಲಿದೆ? ಕೊಡಿ, ಚೀಟಿಗೆ ಕಟ್ತೀನಿ" ಎಂದು ಕೈ ಚಾಚಿದಳು.

ಎಲ್ಲಕ್ಕಿಂತ ದೊಡ್ಡ ಜಗಳ ನಡೆದದ್ದು ಒಂದೇ ಟಿಕೆಟ್ಟಿನ ತತ್ತ್ವದ ಮೇಲೆ. ಜಾತ್ರೆಯಲ್ಲಿ ಜಾಯಿಂಟ್ ವೀಲಿಗೆ ಒಂದು ಚೀಟಿ, ಕುದುರೆಗೆ ಒಂದು ಚೀಟಿ. ಹತ್ತದವನು ಸುಮ್ಮನೆ ಕೈಕಟ್ಟಿ ನೋಡಬಹುದು, ನೋಡಲು ದುಡ್ಡಿಲ್ಲ. ಇಲ್ಲಿ ಬಾಗಿಲಲ್ಲೇ ಎಲ್ಲ ಆಟಕ್ಕೂ ಸೇರಿಸಿ ಕಟ್ಟಿಬಿಡಬೇಕು. "ನಾನು ಒಂದೂ ಹತ್ತಲ್ಲ. ನಂಗ್ಯಾಕೆ ಅಷ್ಟು?" ಎಂದು ಅಮ್ಮ ಕೇಳಿದ ಪ್ರಶ್ನೆ ಸಣ್ಣದಲ್ಲ. ವಾಲ್ಟ್ ಡಿಸ್ನಿ 1955ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡಿಸ್ನಿಲ್ಯಾಂಡ್ ತೆರೆದಾಗ ಅಲ್ಲೂ ಆಟಕ್ಕೊಂದು ಚೀಟಿಯೇ ಇತ್ತು, ಚೀಟಿ ಹರಿದುಕೊಡುವ ಆ ಪುಸ್ತಕಗಳು 1982ರವರೆಗೂ ನಡೆದವು. ಅಂದರೆ ಡಿಸ್ನಿಯೂ ಅಮ್ಮನ ಪಕ್ಷದವನೇ. ನಾನು ಮಾತ್ರ ಹೊಸ ಪದ್ಧತಿಯಲ್ಲಿ ಒಂದು ರಹಸ್ಯ ಕಂಡುಕೊಂಡೆ. ಟಿಕೆಟ್ಟಿನ ದುಡ್ಡನ್ನು ಹತ್ತಿದ ಆಟಗಳಿಂದ ಭಾಗಿಸಬೇಕು. ಹೆಚ್ಚು ಹತ್ತಿದಷ್ಟೂ ಆಟ ಅಗ್ಗವಾಗುತ್ತಾ ಹೋಗುತ್ತದೆ! ಒಂದು ಪಾಕೆಟ್ ನೋಟ್‌ಬುಕ್ಕಿನಲ್ಲಿ ಐದು ಜನಕ್ಕೆ ಐದು ಹಾಳೆ ಗೆರೆ ಹಾಕಿದೆ. ಸಾಲಿನಲ್ಲಿ ನಿಲ್ಲುವುದು ನಷ್ಟ, ಮೂತ್ರಕ್ಕೆ ಹೋಗುವುದು ನಷ್ಟ, ನೆರಳಿನಲ್ಲಿ ಕೂತು ಸುಧಾರಿಸಿಕೊಳ್ಳುವುದಂತೂ ಅಪರಾಧ. ಇದಕ್ಕೆ ವಸೂಲಿ ಕಾರ್ಯಾಚರಣೆ ಎಂದು ಹೆಸರಿಟ್ಟೆ. ಕಚೇರಿಯಲ್ಲಿ ನನ್ನ ಮೇಜಿನಲ್ಲಿರುವುದೂ ಕಂದಾಯ ಬಾಕಿಯ ಕಡತಗಳೇ.

ನೀರಾಟಕ್ಕೆ ನೈಲಾನ್, ಲೈಕ್ರಾದಂಥ ಬಟ್ಟೆಯೇ ಆಗಬೇಕು, ಹತ್ತಿಯದು ನಡೆಯುವುದಿಲ್ಲ. ಹೆಂಡತಿ ಮಕ್ಕಳಿಗೆ ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಚೌಕಾಸಿ ಮಾಡಿ ತಂದದ್ದಾಯಿತು. ನನಗೆ ಹೊಸದೇಕೆ? ಹಿಂದೊಂದು ಚುನಾವಣೆಯ ಜಾಗೃತಿ ಓಟಕ್ಕೆ ಕೊಟ್ಟಿದ್ದ ಜರ್ಸಿ ಇತ್ತು. ಅಪ್ಪಟ ಪಾಲಿಯೆಸ್ಟರ್, ಕಡು ಹಳದಿ. ಬೆನ್ನ ಮೇಲೆ ದಪ್ಪಕ್ಷರದಲ್ಲಿ "ತಪ್ಪದೇ ಮತ ಚಲಾಯಿಸಿ". ಅದನ್ನು ಹಾಕಿಕೊಂಡು ಕನ್ನಡಿ ಮುಂದೆ ನಿಂತಾಗ ಮಗಳು ಒಂದೇ ಕರಾರು ಹಾಕಿದಳು: "ಅಪ್ಪಾ, ಅಲ್ಲಿ ನನ್ನ ಹೆಸರು ಹಿಡಿದು ಕರೀಬೇಡ."

ಇನ್ನು ವಸತಿ. ಒಂದೇ ದಿನದಲ್ಲಿ ಹಾಸನದಿಂದ ಹೋಗಿಬರಲು ಆಗದು, ಲಾಡ್ಜು ನನ್ನ ಜನ್ಮದಲ್ಲಿಲ್ಲ. ಕೆಂಗೇರಿ ಉಪನಗರದಲ್ಲಿ ನಮ್ಮಾಕೆಯ ತಮ್ಮನ ಮನೆ ಇದೆ, ಬಿಡದಿ ಅಲ್ಲಿಂದ ಕೂಗಳತೆ. "ಬನ್ನಿ ಭಾವ, ನಿಮ್ಮನೆ ಇದು" ಎಂದ. ಪುಣ್ಯಾತ್ಮ. ಬರಿಗೈಲಿ ಹೋಗಲಾದೀತೆ? ಅರ್ಧ ಚೀಲ ಆಲೂಗಡ್ಡೆ, ತೆಂಗಿನಕಾಯಿ, ಹಣ್ಣು, ತವರಿಗೆಂದು ನಮ್ಮಾಕೆ ಆರಿಸಿದ ಒಂದು ಸೀರೆ, ಮಕ್ಕಳಿಗೆ ಒಂದೊಂದು ಜೊತೆ ಬಟ್ಟೆ. ಕೂಡಿ ನೋಡಿದರೆ ಲಾಡ್ಜಿನ ಬಾಡಿಗೆಯನ್ನು ದಾಟಿ ಮುಂದೆ ಹೋಗಿತ್ತು. ಅವನ ಮನೆ ಸೇರಿ ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಅವನ ಮಕ್ಕಳಿಬ್ಬರೂ ಬಂದು ನಿಂತು, "ಮಾವ, ನಾವೂ ಬರ್ಬೋದಾ?" ಎಂದವು. ನಾನು ಬಾಯಿಗಿಂತ ಮೊದಲು ಕಣ್ಣೆತ್ತಿದೆ. ಎರಡೂ ಬಿದಿರಿನ ಹಾಗೆ ಬೆಳೆದಿವೆ. ಟೇಪು ಹಿಡಿಯುವ ಅಗತ್ಯವೇ ಇರಲಿಲ್ಲ. ನಮ್ಮಾಕೆ ನನ್ನ ಕಡೆ ನೋಡಿದ ನೋಟದಲ್ಲಿ ಉತ್ತರ ಇತ್ತು, ಅದನ್ನೇ ಹೇಳಿದೆ: "ಅಯ್ಯೋ, ಬರದೆ ಏನು, ಬನ್ನಿ ಬನ್ನಿ."

ಆ ರಾತ್ರಿ ನಿದ್ದೆ ಬರಲಿಲ್ಲ. ಊಟದ ಕಂತಿನಲ್ಲಾದರೂ ಈ ಖೋತಾ ತುಂಬಿಕೊಳ್ಳಬೇಕು. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ. ಅಮ್ಮನ ಚೀಲದ ಕೋಡುಬಳೆಯೂ ಗೇಟಿನಾಚೆ ಉಳಿಯುವುದೇ. ಉಪಾಯ ಹೊಳೆಸಿದವಳು ಅಮ್ಮನೇ: "ಬೆಳಿಗ್ಗೆ ಗಟ್ಟಿಯಾಗಿ ಒಂದೊಂದು ಮುದ್ದೆ ಇಳಿಸ್ಕೊಂಡು ಹೋದ್ರೆ ಸಂಜೆ ಗಂಟ ಹಸಿವಿನ ಮಾತಿಲ್ಲ. ಗದ್ದೆ ಕೆಲಸಕ್ಕೆ ಹೋಗೋರು ಇನ್ನೇನು ಮಾಡ್ತಿದ್ರು?" ತರ್ಕದಲ್ಲಿ ಒಂದು ಬಿರುಕೂ ಕಾಣಲಿಲ್ಲ. ನಸುಕಿನಲ್ಲೇ ಕೆಂಗೇರಿಯ ಮಾಡ್ಯುಲರ್ ಕಿಚನ್ನಿನಲ್ಲಿ ಅಮ್ಮ ನೆಲಕ್ಕೆ ಕೂತು, ಪಾತ್ರೆಯನ್ನು ಎರಡು ಪಾದಗಳ ನಡುವೆ ಸಿಕ್ಕಿಸಿಕೊಂಡು, ಹಿಟ್ಟಿನ ದೊಣ್ಣೆಯಿಂದ ತೊಳಸಿದಳು. ದೊಣ್ಣೆ ಅವಳು ಊರಿಂದಲೇ ತಂದದ್ದು. ಆಲೂಗಡ್ಡೆ ಚೀಲದಲ್ಲಿತ್ತಂತೆ. ಮೈದುನನ ಹೆಂಡತಿ ಬಾಗಿಲಲ್ಲಿ ನಿಂತು ಬೆರಗಾಗಿ ನೋಡಿದಳು. ಸೂರ್ಯ ಹುಟ್ಟುವ ಮೊದಲು ಸೊಪ್ಪಿನ ಸಾರಿನಲ್ಲಿ ಎಲ್ಲರೂ ಮುದ್ದೆ ನುಂಗಿದೆವು. ನಾನು ಎರಡು. ವಸೂಲಿ ನನ್ನಿಂದಲೇ ಶುರುವಾಗಲಿ ಎಂದು.

ಬಿಡದಿಯಲ್ಲಿ ತಟ್ಟೆ ಇಡ್ಲಿಯ ಹಬೆ ಬಸ್ಸಿನೊಳಗೇ ಬಂತು. ಮಗ ಅತ್ತ. ನಾನು ಕಲ್ಲುಮನಸ್ಸು ಮಾಡಿದೆ.

ಗೇಟಿನ ಅಳತೆಪಟ್ಟಿಯ ಮುಂದೆ ನಿಂತ ಮಗಳು ಕತ್ತನ್ನು ಕೊಕ್ಕರೆಯಂತೆ ಎತ್ತಿ, ಹಿಮ್ಮಡಿಯನ್ನೂ ತುಸು ಮೇಲೆ ಮಾಡಿದಳು. "ಸರಿಯಾಗಿ ನಿಲ್ಲಮ್ಮ" ಎಂದ ಸಿಬ್ಬಂದಿ. ಸರಿಯಾಗಿಯೇ ನಿಂತಳು. ಆದರೂ ಗೆರೆ ದಾಟಿದ್ದಳು. ಹಾಲಿನ ಪುಡಿ ಇಲ್ಲದೆಯೂ ಬೆಳೆದಿದ್ದಳು. "ಫುಲ್ ಟಿಕೆಟ್!" ಎಂದು ಅವಳು ಕುಣಿದದ್ದು ನೋಡಿ ಹಿಂದಿದ್ದವರು ಅವಳು ಯಾವುದೋ ಬಹುಮಾನ ಗೆದ್ದಳೆಂದುಕೊಂಡರು.

ಒಳಗೆ ನಾನು ಆರಿಸಿದ ಮೊದಲ ಆಟ ಅತಿ ಜೋರಿನದು. ಜೋರು ಹೆಚ್ಚಿದಷ್ಟೂ ಬೆಲೆ ಹೆಚ್ಚಿರಬೇಕೆಂದು ನನ್ನ ಊಹೆ. ಅದು ನಮ್ಮನ್ನು ಮೇಲಕ್ಕೊಯ್ದು, ಒಂದು ಗಳಿಗೆ ತಲೆಕೆಳಗೆ ನಿಲ್ಲಿಸಿತು. ಆ ಗಳಿಗೆಯಲ್ಲಿ ಎರಡು ಮುದ್ದೆಗಳೂ ಹೊಟ್ಟೆ ಬಿಟ್ಟು ಗಂಟಲಿನ ಕಡೆ ಹೊರಟದ್ದು ನನಗೆ ಸ್ಪಷ್ಟವಾಗಿ ತಿಳಿಯಿತು. ಇಳಿದವನು ಸೀದಾ ಒಂದು ಮರದ ಬುಡದ ಬೆಂಚು ಹಿಡಿದೆ. ಲೋಕ ಇನ್ನೂ ತಿರುಗುತ್ತಿತ್ತು. ಮಕ್ಕಳು ಬಂದು ಒಮ್ಮೆ ನೋಡಿ ಹೋದರು. ನಮ್ಮಾಕೆ ಒಂದು ನಿಂಬೆಹಣ್ಣಿನ ಪಾನಕ ತಂದುಕೊಟ್ಟಳು. ಅದರ ರೇಟು ಕೇಳಿ ಮತ್ತೆ ಮಲಗಿದೆ.

ಅಮ್ಮ ಮಧ್ಯಾಹ್ನ ಕಾಣೆಯಾದವಳು ಸಂಜೆ ಸಿಕ್ಕಿದಳು. ಕಟ್ಟಡದ ನೆತ್ತಿಯ ಮೇಲೆ ಕೂರಿಸಿರುವ ಆ ದೊಡ್ಡ ಜಾಯಿಂಟ್ ವೀಲನ್ನು ಮಕ್ಕಳ ಒತ್ತಾಯಕ್ಕೆ ಒಮ್ಮೆ ಹತ್ತಿದವಳಿಗೆ ಅದರ ರುಚಿ ಹತ್ತಿಬಿಟ್ಟಿತ್ತು. ಇಳಿದು ಸಾಲಿಗೆ ನಿಲ್ಲುವುದು, ಮತ್ತೆ ಹತ್ತುವುದು. ಅದು ಸಾಕಾದ ಮೇಲೆ ಪುಟಾಣಿ ರೈಲು, ಕತ್ತಲೆಕೋಣೆಯ ಸಿನಿಮಾ. ಹಾಸನಾಂಬೆಯ ಧರ್ಮದರ್ಶನದಲ್ಲಿ ಪಳಗಿದವಳಿಗೆ ಈ ಸಾಲುಗಳು ಯಾವ ಲೆಕ್ಕ? ಸೆರಗಿನ ಗಂಟಿನಲ್ಲಿ ಅವಳು ಆಟಕ್ಕೊಂದರಂತೆ ಬೇವಿನ ಕಡ್ಡಿ ಕಟ್ಟಿಕೊಂಡಿದ್ದಳು. ಅವನ್ನು ಬೆಂಚಿನ ಮೇಲೆ ಸುರಿದು, ನನ್ನ ನೋಟ್‌ಬುಕ್ಕಿನ ಅವಳ ಹಾಳೆ ತೆಗೆಸಿ, ಎಣಿಸಿ ಬರೆಸಿದಳು. ನನ್ನ ಹಾಳೆಯಲ್ಲಿ ಒಂದೇ ಗೀಟು ಇತ್ತು. ಭಾಗಿಸುವ ಅಗತ್ಯವೇ ಬೀಳಲಿಲ್ಲ.

ಅಮ್ಮ ಅದನ್ನು ಒಂದು ಸಲ ನೋಡಿದಳು, ಹಳದಿ ಜರ್ಸಿಯಲ್ಲಿ ಕೂತಿದ್ದ ನನ್ನನ್ನು ಒಂದು ಸಲ ನೋಡಿದಳು. "ಹೋಗ್ಲಿ ಬಿಡೋ, ನಿಂದೂ ಸೇರಿಸಿ ನಾನೇ ವಸೂಲಿ ಮಾಡಿದೀನಿ. ಏಳು, ಇನ್ನೂ ಬಾಗಿಲು ಹಾಕಿಲ್ಲ, ಇನ್ನೊಂದು ಸುತ್ತು ಹೋಗ್ಬರ್ತೀನಿ. ಈ ಚೀಲ ಹಿಡ್ಕೋ."