ಆರ್‌ಪಿ ಸಾರ್

ಬಿಆರ್‌ಸಿಯಲ್ಲಿ, ಅಂದರೆ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ, ಶಿಕ್ಷಕರಿಗೆ ಪರಿಸರದ ತರಬೇತಿ ಇದ್ದರೆ ಸಂಪನ್ಮೂಲ ವ್ಯಕ್ತಿಯಾಗಿ ನಮ್ಮ ಆರ್‌ಪಿ ಸಾರ್ ಇರಲೇಬೇಕು. ಖಾದಿ ಜುಬ್ಬ, ಹೆಗಲಿಗೆ ಬಟ್ಟೆಚೀಲ. ಚೀಲದೊಳಗೆ ಸ್ಕೆಚ್‌ಪೆನ್ನುಗಳು, ಗಮ್ ಟೇಪು, ಸುತ್ತಿಟ್ಟ ಒಂದು ಫ್ಲೆಕ್ಸು. ಫ್ಲೆಕ್ಸಿನ ಮೇಲೆ ‘ಪ್ಲಾಸ್ಟಿಕ್ ತ್ಯಜಿಸಿ’ ಅಂತ ದೊಡ್ಡಕ್ಷರ. ರಾಜ್ಯ ಸರ್ಕಾರ 2016ರಲ್ಲಿ ಪ್ಲಾಸ್ಟಿಕ್ ಚೀಲ, ತಟ್ಟೆಗಳ ಜೊತೆ ಫ್ಲೆಕ್ಸನ್ನೂ ನಿಷೇಧಿಸಿತಲ್ಲ ಸಾರ್ ಅಂದರೆ, “ಇದು ಅದಕ್ಕೂ ಮುಂಚಿಂದು ಕಣ್ರೀ. ಬಿಸಾಕಿದ್ರೆ ತಾನೇ ಮಾಲಿನ್ಯ?” ಅನ್ನುತ್ತಾರೆ. ಪ್ರತಿ ತರಬೇತಿಗೂ ದಿನಾಂಕದ ಮೇಲೆ ಹೊಸ ಚೀಟಿ ಅಂಟಿಸಿ ಅಂಟಿಸಿ ಆ ಮೂಲೆಯೀಗ ರಟ್ಟಿನಷ್ಟು ದಪ್ಪ.

ಶುರುವಿಗೆ ಮಳೆ ಚಪ್ಪಾಳೆ. ಒಂದು ಬೆರಳಲ್ಲಿ ತುಂತುರು, ಎರಡರಲ್ಲಿ ಸೋನೆ, ಐದೂ ಸೇರಿದರೆ ಜಡಿಮಳೆ. ನಿವೃತ್ತಿಗೆ ಹತ್ತಿರವಾದ ಹೆಡ್‌ಮಾಸ್ತರರೂ ಬಿಡುವ ಹಾಗಿಲ್ಲ. ಆಮೇಲೆ ಎಂ.ಸಿ. ಮೆಹ್ತಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1991ರಲ್ಲೇ ಪರಿಸರ ಶಿಕ್ಷಣಕ್ಕೆ ಆದೇಶ ಕೊಟ್ಟಿದ್ದು, 2030ರೊಳಗೆ ಮುಟ್ಟಬೇಕಾದ ವಿಶ್ವಸಂಸ್ಥೆಯ 17 ಗುರಿಗಳು, ಎಲ್ಲವೂ ಕಣ್ಣು ಮುಚ್ಚಿಕೊಂಡೇ ಬರುತ್ತವೆ. ಶಿಕ್ಷಕರು ವರ್ಷಕ್ಕೆ 50 ಗಂಟೆ ಕಲಿಯಬೇಕೆಂದು 2020ರ ಶಿಕ್ಷಣ ನೀತಿ ಹೇಳಿದೆ. ಕಲಿಸುವವರಿಗೆ ಮಿತಿ ಹೇಳಿಲ್ಲ. ಅದೇ ಸಾರ್ ಅವರ ಬಲ.

ಮುಂದೆ ಗುಂಪು ಚಟುವಟಿಕೆ. ಕಾವೇರಿ, ಹೇಮಾವತಿ, ತುಂಗಾ, ಶರಾವತಿ ಅಂತ ನಾಲ್ಕು ತಂಡ. ಹಸಿರು ಸ್ಕೆಚ್‌ಪೆನ್ನು ಇರುವುದು ಎರಡೇ ಆದ್ದರಿಂದ ಕಾವೇರಿಗೂ ಹೇಮಾವತಿಗೂ ಆಗಲೇ ವ್ಯಾಜ್ಯ. ಕೊನೆಗೆ ನಾಲ್ಕು ಚಾರ್ಟಿನಲ್ಲೂ ಒಂದೇ ಮರ, ಅದರ ಕೆಳಗೆ ಒಂದೇ ಘೋಷಣೆ. ಮಂಡಿಸುವವರೆಲ್ಲ “ಹಿಂದಿನ ತಂಡದವರು ಹೇಳಿದ ಹಾಗೆ” ಅಂತಲೇ ಶುರು ಮಾಡುತ್ತಾರೆ. ಮೊದಲನೇ ತಂಡದವರೂ!

ಟೀ ವೇಳೆಗೆ ಸಭೆಗೆ ಸ್ವಲ್ಪ ಜೀವ ಬರುತ್ತದೆ. ಒಮ್ಮೆ ಒಬ್ಬ ಟೀಚರು, “ಬಿಸಿಯೂಟದ ತಟ್ಟೆ ತೊಳೆದ ನೀರನ್ನ ನುಗ್ಗೆಗಿಡಕ್ಕೆ ಬಿಟ್ಟಿದ್ದೀವಿ. ಜಿಡ್ಡು, ಅನ್ನದ ಅಗುಳು ಕೂತು ಬುಡವೆಲ್ಲ ನಾತ” ಅಂದರು. ಮೂಲೆಯಲ್ಲಿದ್ದ ಮೇಷ್ಟ್ರೊಬ್ಬರು ಬೆಳಗಿನಿಂದ ಮೊದಲ ಸಲ ಬಾಯಿಬಿಟ್ಟರು: “ಮೊದಲು ಜಾಲರಿ ಇಟ್ಟು ಅಗುಳು ತಡೀರಿ ಮೇಡಂ. ಆಮೇಲೆ ಒಂದು ಗುಂಡಿಗೆ ದಪ್ಪ ಜಲ್ಲಿ, ಸಣ್ಣ ಜಲ್ಲಿ, ಮರಳು ತುಂಬಿ ಅದರೊಳಗೆ ನೀರು ಹಾಯಿಸಿ. ಗುಂಡಿ ಪಕ್ಕ ಬಾಳೆ ಇಡಿ, ನುಗ್ಗೆಗೆ ನೀರು ನಿಂತ್ರೆ ಆಗಲ್ಲ. ಮರಳು ಕಟ್ಟಿಕೊಂಡ್ರೆ ಮಾತ್ರ ತೆಗೆದು ತೊಳೀಬೇಕು.” ಟೀ ಕಪ್ಪು ಹಿಡಿದವರೆಲ್ಲ ಸುತ್ತ ನೆರೆದರು. ಗುಂಡಿ ಎಷ್ಟು ಆಳ, ಮರಳು ಎಲ್ಲಿಂದ, ಶಾಲಾಭಿವೃದ್ಧಿ ಸಮಿತಿಯವರು ದುಡ್ಡು ಕೊಟ್ಟರಾ, ಅಡುಗೆಯಮ್ಮ ಒಪ್ಪಿದರಾ?

ಅಷ್ಟರಲ್ಲಿ ಆರ್‌ಪಿ ಸಾರ್ ಚಪ್ಪಾಳೆ ತಟ್ಟಿದರು. “ಮಾತು ಸಾಕು, ಒಳಗೆ ಬನ್ನಿ. ಜಲಸಂರಕ್ಷಣೆ ಅವಧಿ ಶುರುವಾಯ್ತು.”

ಹಾಗಂತ ಅವರಿಗೆ ಕಿವಿ ಇಲ್ಲ ಅಂದುಕೊಳ್ಳಬೇಡಿ. ಮುಂದಿನ ತರಬೇತಿಯಲ್ಲಿ ಜಲ್ಲಿ, ಮರಳು, ಬಾಳೆ ಎಲ್ಲವೂ ‘ನವೀನ ಪ್ರಯೋಗ’ ಎಂಬ ಶೀರ್ಷಿಕೆ ಹೊತ್ತು ಪಿಪಿಟಿಯಲ್ಲಿ ಬಂದವು. ಅದೇ ಮೇಷ್ಟ್ರು ಅದೇ ಮೂಲೆಯಲ್ಲಿ ಕೂತಿದ್ದರು. ಸಾರ್ ಆ ಮೇಷ್ಟ್ರನ್ನೇ ಎಬ್ಬಿಸಿ ನಿಲ್ಲಿಸಿ, “ಇದನ್ನ ನಿಮ್ಮ ಶಾಲೇಲೂ ಒಂದ್ಸಲ ಮಾಡಿ ನೋಡಿ ಮೇಷ್ಟ್ರೇ” ಅಂದರು. ಮೇಷ್ಟ್ರು ಬರೆದುಕೊಂಡರು. ಸಂಜೆ ಹಾಜರಾತಿ ಪತ್ರ ಕೊಡುವ ಮುಂಚೆ ನೋಟ್ಸು ತೋರಿಸಬೇಕಿತ್ತು.